ಬಚ್ಚಲ ನಲ್ಲಿಗೂ ‘ನಾಳೆ ಬಾ’ ಎಂದೀರಾ?

ತುಮಕೂರು: ದೆವ್ವಕ್ಕೆ ಹೆದರಿ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದ ಕಾಲವೊಂದಿತ್ತು. ಈಗ ಅದೇ ಮಾತನ್ನು ತಿರುಗಿಸಿ ಹೇಳುವವನು ನಲ್ಲಿ ರಿಪೇರಿಯವನು. ‘ನಾಳೆ ಬರ್ತೀನಿ ಸಾರ್’ ಎಂದು ಹೋದವನ ನಾಳೆ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ಅಷ್ಟರವರೆಗೆ ಬಚ್ಚಲ ನಲ್ಲಿ ಟಪ್ ಟಪ್ ಎಂದು ರಾತ್ರಿಯಿಡೀ ಜಪ ಮಾಡುತ್ತಲೇ ಇರುತ್ತದೆ.

ನಗರದ ಬಡಾವಣೆಯೊಂದರಲ್ಲಿ ವಾಸಿಸುವ ನಿವೃತ್ತ ಗುಮಾಸ್ತರ ಮನೆಯಲ್ಲೂ ಇದೇ ಜಪ ಮೂರು ತಿಂಗಳು ನಡೆಯಿತು. ನಲ್ಲಿ ಕೆಳಗಿನ ಕಲ್ಲು ಒಣಗಲೇ ಇಲ್ಲ, ಪಾಚಿ ಕಟ್ಟಿತು. ಒಂದು ಬೆಳಗ್ಗೆ ಯಜಮಾನಿತಿ ಕಾಲಿಟ್ಟಿದ್ದೇ ತಡ, ಜರ್ರನೆ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆ, ಆಪರೇಷನ್, ಮಗನ ರಜೆ, ಒಡವೆಯ ಮೇಲೆ ಸಾಲ, ಎಲ್ಲಾ ಆಯಿತು.

‘ಹತ್ತಿಪ್ಪತ್ತು ರೂಪಾಯಿ ವಾಷರ್ ನಾನೇ ಹಾಕಿದ್ದಿದ್ರೆ ಇವಳು ಇವತ್ತು ವಾಕರ್ ಹಿಡೀತಿರಲಿಲ್ಲ’ ಎಂದು ಆ ಹಿರಿಯರು ಈಗ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಾರೆ.

ರಿಪೇರಿಯವನನ್ನೇ ಬೈದು ಪ್ರಯೋಜನವಿಲ್ಲ. ಅವನ ಮಾತೂ ಕೇಳಬೇಕು: ‘ಒಂದು ವಾಷರಿಗೆ ಅಂತ ಊರಾಚೆ ಹೋದ್ರೆ ಪೆಟ್ರೋಲ್ ಕಾಸೂ ಹುಟ್ಟಲ್ಲ. ಐವತ್ತು ರೂಪಾಯಿ ಜಾಸ್ತಿ ಕೇಳಿದ್ರೆ ಮುಖ ಸಿಂಡರಿಸ್ತಾರೆ.’ ಸಣ್ಣ ಕೆಲಸವನ್ನು ಮನೆಯವರೇ ಮಾಡಿಕೊಂಡು, ದೊಡ್ಡ ಕೆಲಸಕ್ಕೆ ಅವನನ್ನು ಕರೆದು ನ್ಯಾಯವಾದ ಕೂಲಿ ಕೊಟ್ಟರೆ ಇಬ್ಬರಿಗೂ ಒಳ್ಳೆಯದು.

ಹನಿ ಲೆಕ್ಕ

ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ 4 ಲೀಟರಿಗೂ ಜಾಸ್ತಿ. ವರ್ಷಕ್ಕೆ ಒಂದೂವರೆ ಸಾವಿರ ಲೀಟರ್ ದಾಟುತ್ತದೆ. ಟ್ಯಾಂಕರಿಗೆ ಕಾಸು ಕೊಟ್ಟು ಕಾಯುವವರು ಈ ಲೆಕ್ಕವನ್ನು ಒಮ್ಮೆ ನೋಡಿಕೊಳ್ಳಲಿ.

ಕೆಲಸ ಏನೂ ಬ್ರಹ್ಮವಿದ್ಯೆಯಲ್ಲ. ಮೊದಲು ಟ್ಯಾಂಕಿನಿಂದ ಬರುವ ವಾಲ್ವ್ ಮುಚ್ಚಿ. ನಲ್ಲಿ ತಿರುಗಿಸಿ ಪೈಪಿನಲ್ಲಿ ಉಳಿದ ನೀರನ್ನು ಹರಿಯಬಿಡಿ. ಬಚ್ಚಲ ತೂತಿಗೆ ಹಳೇ ಬಟ್ಟೆ ತುರುಕಿ, ಇಲ್ಲದಿದ್ದರೆ ಕೈಜಾರಿದ ಸ್ಕ್ರೂ ಮೋರಿ ಪಾಲು! ಸ್ಪಾನರಿನಿಂದ ನಲ್ಲಿಯ ತಲೆ ಬಿಚ್ಚಿದರೆ ಒಳಗಿನ ತುದಿಯಲ್ಲಿ ಸವೆದುಹೋದ ರಬ್ಬರ್ ವಾಷರ್ ಕಾಣುತ್ತದೆ. ಆ ಹಳೆಯದನ್ನೇ ಕಿಸೆಗೆ ಹಾಕಿಕೊಂಡು ಅಂಗಡಿಗೆ ಹೋಗಿ ಅದೇ ಅಳತೆಯದು ತನ್ನಿ. ಬಾಯಲ್ಲಿ ಹೇಳಿದ ಅಳತೆ ತಪ್ಪಬಹುದು.

ಹೊಸ ವಾಷರ್ ಹಾಕಿಯೂ ಸೋರಿದರೆ ಅದು ಕೂರುವ ಜಾಗವೇ ಸವೆದಿದೆ ಎಂದರ್ಥ, ನಲ್ಲಿಯನ್ನೇ ಬದಲಿಸಿ. ಕಾಲು ಸುತ್ತಿಗೇ ತೆರೆಯುವ ಈಗಿನ ನಲ್ಲಿಗಳಲ್ಲಿ ಇಂಥ ವಾಷರ್ ಇರುವುದಿಲ್ಲ. ಒಳಗಿನ ಕಾರ್ಟ್ರಿಜ್ ತೆಗೆದು ಅದೇ ಕಂಪನಿಯದು ಹಾಕಬೇಕು. ಗೋಡೆಗೆ ನಲ್ಲಿ ಕೂರಿಸುವಾಗ ಟೆಫ್ಲಾನ್ ಟೇಪನ್ನು ನಲ್ಲಿ ಬಿಗಿಯುವ ದಿಕ್ಕಿಗೇ ಸುತ್ತಬೇಕು. ತಿರುಗುಮುರುಗಾದರೆ ಬಿಗಿಯುವಾಗಲೇ ಬಿಚ್ಚಿಕೊಳ್ಳುತ್ತದೆ.

ನೀಲಿ ಹಾಕಿ ನೋಡಿ

ಕಕ್ಕಸಿನ ಫ್ಲಶ್ ಟ್ಯಾಂಕ್ ಸದ್ದಿಲ್ಲದೆ ಸೋರುವ ಕಳ್ಳ. ಬಟ್ಟೆಗೆ ಹಾಕುವ ನೀಲಿಯನ್ನು ನಾಲ್ಕು ಹನಿ ಟ್ಯಾಂಕಿಗೆ ಬಿಟ್ಟು ಇಪ್ಪತ್ತು ನಿಮಿಷ ಫ್ಲಶ್ ಮಾಡದೆ ಕಾಯಿರಿ. ಕೆಳಗಿನ ಬೇಸಿನ್ನಿನಲ್ಲಿ ನೀಲಿ ಕಂಡರೆ ಟ್ಯಾಂಕಿನ ತಳದ ರಬ್ಬರ್ ಹೋಗಿದೆ.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಷವರಿನ ತೂತುಗಳಿಗೆ ಬಿಳೀ ಸುಣ್ಣ ಕಟ್ಟುತ್ತದೆ. ಬಿಚ್ಚಿ ರಾತ್ರಿಯಿಡೀ ವಿನಿಗರಿನಲ್ಲೋ ನಿಂಬೆರಸದಲ್ಲೋ ನೆನೆಹಾಕಿ, ಬೆಳಗ್ಗೆ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಊರಿಗೆ ಹೋಗಿ ಬಂದಾಗ ಬಚ್ಚಲು ನಾತ ಹೊಡೆಯುತ್ತಿದೆಯೇ? ನೆಲದ ಜಾಲರಿಯ ಕೆಳಗಿನ ಟ್ರ್ಯಾಪಿನಲ್ಲಿ ನಿಂತ ನೀರೇ ಮೋರಿ ಗಾಳಿಗೆ ಬಾಗಿಲು. ಅದು ಒಣಗಿದರೆ ವಾಸನೆ ಒಳಗೆ ಬರುತ್ತದೆ. ಒಂದೆರಡು ಚೊಂಬು ನೀರು ಸುರಿಯಿರಿ.

ಪಾಚಿಗೆ ಬ್ರಷ್ಷು, ಬ್ಲೀಚಿಂಗ್ ಪೌಡರ್ ಸಾಕು. ಆದರೆ ಬ್ಲೀಚಿಂಗ್ ಪೌಡರಿನ ಜೊತೆ ಆಸಿಡ್ ಮಾತ್ರ ಸೇರಿಸಬೇಡಿ. ಎರಡೂ ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಲ್ಲಿ ಅದು ಶ್ವಾಸಕೋಶಕ್ಕೇ ಕುತ್ತು.

ವಯಸ್ಸಾದವರಿರುವ ಮನೆಯಲ್ಲಿ ಒಂದು ಗಟ್ಟಿ ಹಿಡಿಕೆ ಬೇಕೇ ಬೇಕು. ಟವೆಲ್ ಹಾಕುವ ಸರಳು ಮನುಷ್ಯನ ಭಾರ ತಡೆಯುವುದಿಲ್ಲ. ಹಿಡಿಕೆಯ ಸ್ಕ್ರೂ ಟೈಲ್ಸ್ ದಾಟಿ ಇಟ್ಟಿಗೆಗೆ ಕಚ್ಚಿರಬೇಕು. ಹಾಕಿದ ಮೇಲೆ ಮನೆಯ ದಢೂತಿಯೊಬ್ಬರು ಜಗ್ಗಿ ನೋಡಲಿ.

ಇಲ್ಲಿ ಕೈ ಹಾಕಬೇಡಿ

ಎಲ್ಲವನ್ನೂ ನಾವೇ ಮಾಡ್ತೀವಿ ಎಂದು ಹೊರಟರೂ ಕೆಟ್ಟಿತು. ಕರೆಂಟ್ ಗೀಸರಿನ ವೈರು, ಅರ್ಥಿಂಗ್ ಎಲೆಕ್ಟ್ರಿಷಿಯನ್ ಕೆಲಸ. ನಲ್ಲಿ ಮುಟ್ಟಿದಾಗ ಕೈ ಜುಂ ಎಂದರೆ ಮೈನ್ ಆಫ್ ಮಾಡಿ ಅವನನ್ನು ಕರೆಯಿರಿ. ನೀರು ಕಾಯಿಸುವ ರಾಡಿನ ಪ್ಲಗ್ ತೆಗೆಯದೆ ಬಕೆಟ್ಟಿಗೆ ಬೆರಳಿಡಬೇಡಿ.

ಇನ್ನು ಗ್ಯಾಸ್ ಗೀಸರ್. ಚಳಿ ಬಂತೆಂದು ಬಚ್ಚಲ ಕಿಂಡಿಗೆ ರಟ್ಟು ಹೊಡೆಯುವ ಮನೆಗಳು ಎಷ್ಟಿಲ್ಲ! ಗಾಳಿ ಸಾಲದೆ ಉರಿಯುವ ಗ್ಯಾಸಿನಿಂದ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಕೂಗುವಷ್ಟು ಶಕ್ತಿ ಬರುವ ಮೊದಲೇ ಎಚ್ಚರ ತಪ್ಪುತ್ತದೆ. ಸ್ನಾನಕ್ಕೆ ಹೋದವರು ಹೊರಗೇ ಬಾರದ ಪ್ರಕರಣಗಳು ರಾಜ್ಯದಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಗೀಸರ್, ಸಿಲಿಂಡರ್ ಎರಡನ್ನೂ ಬಚ್ಚಲ ಹೊರಗೆ ಗಾಳಿಯಾಡುವ ಕಡೆ ಹಾಕಿಸಿ, ಬಿಸಿನೀರು ಮಾತ್ರ ಪೈಪಿನಲ್ಲಿ ಒಳಗೆ ಬರಲಿ. ಸದ್ಯಕ್ಕೆ ಇವತ್ತೇ ಮಾಡಬಹುದಾದ ರಿಪೇರಿ ಒಂದಿದೆ. ಅದಕ್ಕೆ ಸ್ಪಾನರೂ ಬೇಡ, ಕಾಸೂ ಬೇಡ: ಕಿಂಡಿಯ ರಟ್ಟು ಕಿತ್ತು ಬಿಸಾಡಿ.

ನಿವೃತ್ತ ಗುಮಾಸ್ತರ ಮನೆಯ ಬಚ್ಚಲಲ್ಲಿ ಈಗ ನೆಲ ಒಣಗಿದೆ, ಗೋಡೆಗೆ ಹಿಡಿಕೆ ಬಂದಿದೆ. ಅಡುಗೆಮನೆಯ ಹಳೇ ಬಾಟಲಿಯೊಂದರ ತುಂಬ ತರಹೇವಾರಿ ವಾಷರುಗಳಿವೆ. ಅಕ್ಕಪಕ್ಕದವರು ನಲ್ಲಿ ಸೋರುತ್ತಿದೆ ಎಂದು ಬಂದರೆ ಸ್ಪಾನರ್ ಹಿಡಿದು ಚಪ್ಪಲಿ ಮೆಟ್ಟಿಯೇ ಬಿಡುತ್ತಾರೆ. ನಾಳೆ ಎನ್ನುವ ಮಾತನ್ನು ಮಾತ್ರ ಅವರು ಬಿಟ್ಟಿದ್ದಾರೆ.