ಸ್ಪರ್ಶಮಾದರಿ ಮತ್ತು ಧ್ವನಿವಿವರಣೆ: ಗೋಲ್ಕೊಂಡದ ನೆಪದಲ್ಲಿ

ಹೈದರಾಬಾದಿನ ಮೆಹದಿಪಟ್ಟಣಂನಲ್ಲಿರುವ ಸರೋಜಿನಿ ದೇವಿ ಕಣ್ಣಿನ ಆಸ್ಪತ್ರೆ ಚಿರಪರಿಚಿತವಾದುದು. ಚಿಕಿತ್ಸೆಯಿಂದ ಮರಳದ ದೃಷ್ಟಿಯೂ ಉಂಟು. ಅಂಥವರ ಕಲಿಕೆಯ ಪ್ರಶ್ನೆ ವೈದ್ಯರ ಕೆಲಸ ಮುಗಿದಲ್ಲಿ ಆರಂಭವಾಗುತ್ತದೆ. ಅಲ್ಲಿಂದ ಕೆಲವೇ ಕಿಲೋಮೀಟರು ದೂರದ ಗೋಲ್ಕೊಂಡ ಕೋಟೆಯನ್ನು ಉದಾಹರಣೆಯಾಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಬಹುದು.

ಕೋಟೆಯ ಪ್ರವೇಶದ್ವಾರದ ಗುಮ್ಮಟದಡಿ ತಟ್ಟಿದ ಚಪ್ಪಾಳೆ ಬೆಟ್ಟದ ನೆತ್ತಿಯ ಬಾಲಾ ಹಿಸ್ಸಾರ್ ಮಂಟಪದಲ್ಲಿ ಕೇಳಿಸುತ್ತದೆ. ಆ ಕ್ಷಣದಲ್ಲಿ ಕಣ್ಣುಳ್ಳವರಿಗೂ ಇಲ್ಲದವರಿಗೂ ಭೇದವಿಲ್ಲ. ಮರುಕ್ಷಣವೇ ಮಾರ್ಗದರ್ಶಿಯು ಬೆರಳು ಚಾಚಿ ‘ಅಲ್ಲಿ ನೋಡಿ’ ಎನ್ನುತ್ತಾನೆ. ಅಂಧ ಸಂದರ್ಶಕನ ಪಾಲಿಗೆ ಕೋಟೆ ಅಲ್ಲಿಗೆ ಮುಗಿಯುತ್ತದೆ.

ಮುಟ್ಟಿ ತಿಳಿಯಬಹುದಾದ ಮಾದರಿಯೊಂದೇ ಇದಕ್ಕೆ ಪರಿಹಾರವೆಂದು ತೋರಬಹುದು. ಆದರೆ ಲೆಕ್ಕ ಹಾಕಿದಾಗ ತೊಡಕು ಗೋಚರಿಸುತ್ತದೆ. ಬೆಟ್ಟದ ಎತ್ತರ ಸುಮಾರು 120 ಮೀಟರ್; ಸಾವಿರಕ್ಕೆ ಒಂದರ ಪ್ರಮಾಣದಲ್ಲಿ 12 ಸೆಂಟಿಮೀಟರ್, ಅಂಗೈಗೆ ಹಿತವಾದ ಅಳತೆ. ಹೊರಗೋಡೆಯ ಸುತ್ತಳತೆಯಾದರೋ ಸುಮಾರು 11 ಕಿಲೋಮೀಟರ್. ಅದೇ ಪ್ರಮಾಣದಲ್ಲಿ ಮಾದರಿಯ ವ್ಯಾಸ ಮೂರೂವರೆ ಮೀಟರಿನಷ್ಟಾಗಿ ನಡುಭಾಗಕ್ಕೆ ಕೈಯೇ ಎಟುಕದು. ಐದು ಸಾವಿರಕ್ಕೆ ಒಂದರಂತೆ ಕುಗ್ಗಿಸಿದರೆ ಕೋಟೆ ಎರಡು ತೋಳುಗಳ ನಡುವೆ ಸೇರುತ್ತದೆ, 87 ಕೊತ್ತಳಗಳನ್ನು ಬೆರಳಿನಿಂದ ಎಣಿಸಲೂಬಹುದು. ಬೆಟ್ಟ ಮಾತ್ರ ಇಂಚಿಗೂ ಕಡಿಮೆಯ ದಿಬ್ಬವಾಗಿಬಿಡುತ್ತದೆ. ಆದ್ದರಿಂದ ಬೆಟ್ಟಕ್ಕೊಂದು, ಆವರಣಕ್ಕೊಂದು, ಹೀಗೆ ಎರಡು ಮಾದರಿಗಳು ಅವಶ್ಯ. ಇವೆರಡರ ಸಂಬಂಧವನ್ನು ಹೇಳಬೇಕಾದುದು ಧ್ವನಿ.

ಕಣ್ಣು ಮೊದಲು ಇಡಿಯನ್ನು ಗ್ರಹಿಸಿ ಅನಂತರ ಬಿಡಿಗಳತ್ತ ಹೊರಳುತ್ತದೆ. ಕೈ ಬಿಡಿಬಿಡಿಯಾಗಿ ಮುಟ್ಟಿದ್ದನ್ನು ನೆನಪಿನಲ್ಲಿ ಕೂಡಿಸಿ ಇಡಿಯನ್ನು ಕಟ್ಟಿಕೊಳ್ಳಬೇಕು. ಹೀಗಾಗಿ ಧ್ವನಿವಿವರಣೆಯು ಕೈಯ ಚಲನೆಯ ಕ್ರಮವನ್ನೇ ಅನುಸರಿಸಬೇಕಾಗುತ್ತದೆ: ‘ಎಡಗೈ ಬಾಗಿಲ ಮೇಲಿರಲಿ. ಬಲಗೈಯನ್ನು ಗೋಡೆಯ ಏಣಿನ ಗುಂಟ ಸರಿಸಿ. ಬೆರಳಿಗೆ ತಾಗುವ ದುಂಡನೆಯ ಉಬ್ಬು ಮೊದಲ ಕೊತ್ತಳ.’ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯವು 2015ರಲ್ಲಿ ತೆರೆದ ‘ಅನುಭವ್’ ಶಾಲೆಯಲ್ಲಿ 22 ಸ್ಪರ್ಶಪ್ರತಿಕೃತಿಗಳನ್ನು ಧ್ವನಿವಿವರಣೆಯೊಂದಿಗೇ ಇರಿಸಲಾಯಿತು. ಬ್ರೈಲ್ ಫಲಕವೂ ಬೇಕು. 1951ರಲ್ಲಿ ಅಂಗೀಕೃತವಾದ ಭಾರತಿ ಬ್ರೈಲ್‌ನಲ್ಲಿ ಕನ್ನಡಕ್ಕೂ ಸ್ಥಾನವುಂಟು. ಆದರೆ ಬ್ರೈಲ್ ಹೆಚ್ಚು ಜಾಗ ಬೇಡುವುದರಿಂದ ಫಲಕದಲ್ಲಿ ಹೆಸರುಗಳನ್ನಷ್ಟೇ ಕೊಟ್ಟು ವಿವರವನ್ನು ಧ್ವನಿಗೆ ಬಿಡುವುದು ಲೇಸು.

ಬೀದರ್, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಇಲ್ಲಿ ಕನ್ನಡ ವಿವರಣೆಯನ್ನು ಅಪೇಕ್ಷಿಸುವುದು ಅಸಹಜವಲ್ಲ. ಆದರೆ ಎಂಥ ಕನ್ನಡ? ‘ಕೋಟೆ ಕಂಗೊಳಿಸುತ್ತದೆ’ ಎಂಬ ವಾಕ್ಯದಿಂದ ಕೈಗೆ ಸಿಗುವುದು ಏನೂ ಇಲ್ಲ. ಆ ಕ್ರಿಯಾಪದದೊಳಗೇ ಕಣ್ಣು ಕುಳಿತಿದೆ. ನಮ್ಮ ವರ್ಣನೆಯ ಗದ್ಯ ಬಹುಮಟ್ಟಿಗೆ ಇಂಥ ಪದಗಳಿಗೇ ಒಗ್ಗಿಹೋಗಿದೆ. ನುಣುಪು, ಒರಟು, ತರಿ, ಏಣು, ಮೊನೆ, ಕೊರಕಲು, ತಗ್ಗು ಮೊದಲಾದ ಸ್ಪರ್ಶಪದಗಳು ಬಡಗಿ, ಕುಂಬಾರ, ಕಲ್ಲುಕುಟಿಗರ ಮಾತಿನಲ್ಲಿ ಹೇರಳವಾಗಿವೆ. ಅವುಗಳನ್ನು ಸಂಗ್ರಹಿಸಿ ಬಳಕೆಗೆ ಒದಗಿಸುವುದು ಕನ್ನಡ ವಿಭಾಗಗಳು ಮಾಡಬಹುದಾದ ಕೆಲಸ. ಸಿದ್ಧಪಡಿಸಿದ ಪಠ್ಯವನ್ನು ಅಂಧರೇ ಪರೀಕ್ಷಿಸಬೇಕು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಕಣ್ಣುಳ್ಳವರ ಅಭಿಪ್ರಾಯ ಇಲ್ಲಿ ಸಾಲದು.

ಬಾಲಾ ಹಿಸ್ಸಾರ್‌ಗೆ ಏರುವ ಸುಮಾರು 360 ಮೆಟ್ಟಿಲುಗಳು ಮಾತ್ರ ಯಾವ ಮಾದರಿಯಲ್ಲೂ ಬೆರಳಿಗೆ ಸಿಗವು. ಆದುದರಿಂದ ಮಾದರಿಯನ್ನು ಬೆಟ್ಟದ ಬುಡದಲ್ಲೇ ಇರಿಸಬೇಕು. ಕೈಯಿಂದ ದಾರಿಯನ್ನು ಅರಿತವನು ಅನಂತರ ಕಾಲಿನಿಂದ ಅದನ್ನು ಏರಲಿ.