ಹಳೆಯ ಶಾಲೆಯ ಗೋಡೆ ಮತ್ತು ನಾಲಾ ಬಯಲಿನ ತೇವ

ಹಳೆಯ ಶಾಲಾ ಕಟ್ಟಡಗಳು ಶಿಥಿಲವಾಗುವುದಕ್ಕೆ ವಯಸ್ಸಿಗಿಂತ ನೀರೇ ಹೆಚ್ಚು ಕಾರಣವಾಗಿದ್ದು, ಆ ನೀರು ಗೋಡೆಯೊಳಗೆ ಸೇರಿ ಅಲ್ಲಿಯೇ ನಿಲ್ಲುವಂತೆ ಮಾಡುವ ಕೆಲಸ ಬಹಳಷ್ಟು ಸಲ ದುರಸ್ತಿಯ ಹೆಸರಿನಲ್ಲೇ ನಡೆದುಹೋಗುತ್ತದೆ. ಕೆ.ಎಂ.ದೊಡ್ಡಿ ಎಂದೂ ಕರೆಯಲಾಗುವ ಮದ್ದೂರು ತಾಲ್ಲೂಕಿನ ಭಾರತೀನಗರದ ಸುತ್ತ ಈ ಮಾತಿಗೆ ವಿಶೇಷ ಅರ್ಥವಿದೆ. ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದು ಬತ್ತ ಮತ್ತು ಕಬ್ಬಿನ ಗದ್ದೆಗಳನ್ನು ತುಂಬುವ ತಿಂಗಳುಗಳಲ್ಲಿ ಇಂಥ ಬಯಲಿನ ನೆಲದೊಳಗಿನ ತೇವವೂ ಏರುತ್ತದೆ, ಮತ್ತು ಸುಣ್ಣದ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ ಅದನ್ನು ತಳದಿಂದ ಹೀರಿಕೊಳ್ಳುತ್ತದೆ.

ಇಟ್ಟಿಗೆಯೊಳಗಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರು ತಾನಾಗಿ ಮೇಲೇರುವ ಈ ಕ್ರಿಯೆ ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವುದಕ್ಕಿಂತ ಬೇರೆಯಲ್ಲ. ಸುಣ್ಣದ ಗಿಲಾವು ಆವಿಯನ್ನು ಹೊರಬಿಡುವುದರಿಂದ ಏರಿದ ತೇವ ಬಿಸಿಲಿಗೆ ಆರಿಹೋಗುತ್ತದೆ. ಅದೇ ಗೋಡೆಗೆ ಸಿಮೆಂಟ್ ಗಿಲಾವು ಮಾಡಿ ಆಯಿಲ್ ಪೇಂಟ್ ಬಳಿದರೆ ಆವಿಗೆ ದಾರಿ ಮುಚ್ಚಿ, ನೀರು ಇನ್ನೂ ಎತ್ತರಕ್ಕೆ ಏರಿ, ಜೊತೆಯಲ್ಲಿ ತಂದ ಲವಣವನ್ನು ಪದರದ ಹಿಂದೆ ಬಿಟ್ಟುಹೋಗುತ್ತದೆ. ಆ ಲವಣ ಹರಳುಗಟ್ಟಿ ಹಿಗ್ಗಿದಾಗ ಇಟ್ಟಿಗೆಯ ಮೈ ಪುಡಿಯಾಗತೊಡಗುತ್ತದೆ. ನಲಿ-ಕಲಿ ತರಗತಿಗಳಲ್ಲಿ ಮಕ್ಕಳ ಕೈಗೆಟುಕುವಂತೆ ಗೋಡೆಯ ಕೆಳಭಾಗದಲ್ಲಿ ಬಳಿದ ಕಪ್ಪು ಪಟ್ಟಿಯನ್ನು ಗಮನಿಸಿದರೆ ಇದು ಕಣ್ಣಿಗೇ ಕಾಣುತ್ತದೆ: ತೇವ ಹಿಡಿದ ಕೋಣೆಯಲ್ಲಿ ಮೊದಲು ಗುಳ್ಳೆ ಎದ್ದು ಚಕ್ಕೆ ಉದುರುವುದು ಅಲ್ಲಿಯೇ, ಉದುರಿದ ಜಾಗದಲ್ಲಿ ಬೆರಳಿಗೆ ಅಂಟುವುದು ಬಿಳಿಯ ಉಪ್ಪು. ಆ ಪಟ್ಟಿಯನ್ನು ತೇವ ಹಿಡಿಯದ ಹಲಗೆಯ ಮೇಲೆ ಬಳಿದು, ಗೋಡೆಯಿಂದ ಎರಡು ಬೆರಳು ಬಿಟ್ಟು ನಿಲ್ಲಿಸಿದರೆ ಮಕ್ಕಳಿಗೂ ನಷ್ಟವಿಲ್ಲ, ಗೋಡೆಗೂ ಉಸಿರಾಟ ಸಿಗುತ್ತದೆ.

ಸುಣ್ಣದ ಕೆಲಸ ಈ ಸೀಮೆಗೆ ಹೊಸದಲ್ಲ. 1911ರಲ್ಲಿ ಕಾಮಗಾರಿ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನೇ, ಅಂದರೆ ಕೃಷ್ಣರಾಜಸಾಗರದ ಅಣೆಕಟ್ಟನ್ನೇ, ಸಿಮೆಂಟಿನ ಬದಲು ಸುರ್ಕಿ ಗಾರೆಯಲ್ಲಿ, ಅಂದರೆ ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣದೊಡನೆ ಅರೆದು ಮಾಡಿದ ಗಾರೆಯಲ್ಲಿ, ಕಟ್ಟಲಾಯಿತು. ದಕ್ಷಿಣ ಭಾರತದ ಗಾರೆ ಕೆಲಸದವರು ಸುಣ್ಣಕ್ಕೆ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಬೆರೆಸಿ ಹದ ತರುತ್ತಿದ್ದರು. ಆಲೆಮನೆಗಳ ನಾಡಾದ ಮಂಡ್ಯದಲ್ಲಿ ಬೆಲ್ಲಕ್ಕೆ ಬರವಿಲ್ಲ, ಬರವಿರುವುದು ಆ ಹದವನ್ನು ಬಲ್ಲ ಕೈಗಳಿಗೆ. ಇದರ ಜೊತೆಗೆ ಸುಣ್ಣಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟರೆ ಸಾಕಾಗುತ್ತದೆ, ಸಿಮೆಂಟಿಗೆ ಬೇಕಾಗುವುದು ಸುಮಾರು 1,450 ಡಿಗ್ರಿ. ಸುಣ್ಣ ಗಟ್ಟಿಯಾಗುವಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಮರಳಿ ಹೀರಿಕೊಳ್ಳುವುದರಿಂದ ಪರಿಸರದ ಲೆಕ್ಕದಲ್ಲೂ ಅದು ಹಗುರವಾದ ಸಾಮಗ್ರಿ.

ಮೇಲಿನಿಂದ ಬರುವ ನೀರನ್ನು ತಡೆಯುವುದು ಇದಕ್ಕಿಂತ ಸುಲಭ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಆರಂಭಿಸಿದ ಮೇಲೆ ಹರಡಿದ ಮಂಗಳೂರು ಹೆಂಚಿನ ದೊಡ್ಡ ಗುಣವೆಂದರೆ ಒಡೆದ ಒಂದನ್ನೇ ತೆಗೆದು ಇನ್ನೊಂದನ್ನು ಕೂರಿಸಬಹುದು. ಆದರೆ ಒಂದೇ ಹೆಂಚು ಜರುಗಿ ಎರಡು ಮಳೆಗಾಲ ಹಾಗೆಯೇ ಬಿಟ್ಟರೆ ರೀಪು ಕೊಳೆತು, ಗೆದ್ದಲು ಹತ್ತಿ, ತೊಲೆಯ ತುದಿ ಗೋಡೆಯೊಳಗೇ ಮೆತ್ತಗಾಗುತ್ತದೆ.

ಶತಮಾನ ದಾಟಿದ ಮೈಸೂರಿನ ಮಹಾರಾಣಿ ವಿಜ್ಞಾನ ಕಾಲೇಜಿನ ಪಾರಂಪರಿಕ ಕಟ್ಟಡದ ಒಂದು ಭಾಗ 2022ರ ಅಕ್ಟೋಬರ್‌ನಲ್ಲಿ, ಮಳೆ ಜೋರಾಗಿದ್ದ ದಿನಗಳಲ್ಲಿ ಕುಸಿದುಬಿತ್ತು. ಕೊಠಡಿಗಳಲ್ಲಿ ಆಗ ವಿದ್ಯಾರ್ಥಿನಿಯರು ಇರಲಿಲ್ಲವಾದ್ದರಿಂದ ಜೀವಹಾನಿ ಆಗಲಿಲ್ಲ. ಇಂಥ ಘಟನೆಯ ನಂತರ ಹಳೆಯದನ್ನೆಲ್ಲ ಕೆಡವಬೇಕೆಂಬ ಮಾತು ಕೇಳಿಬರುವುದು ಸಹಜವೇ, ಮಕ್ಕಳ ಸುರಕ್ಷತೆಯ ಮುಂದೆ ಯಾವ ಪರಂಪರೆಯೂ ದೊಡ್ಡದಲ್ಲ. ಆದರೆ ಬಿರುಕನ್ನು ಬಲ್ಲ ಎಂಜಿನಿಯರ್ ನೋಡುವ ಮುನ್ನವೇ ಗಟ್ಟಿಯಾಗಿರುವ ಗೋಡೆಗೂ ಅದೇ ತೀರ್ಪು ಕೊಡುವುದು ಅನ್ಯಾಯ. ಬಿರುಕಿಗೆ ಅಡ್ಡಲಾಗಿ ತೆಳುಗಾಜಿನ ಪಟ್ಟಿಯೊಂದನ್ನು ಅಂಟಿಸಿ ದಿನಾಂಕ ಬರೆದಿಟ್ಟರೆ, ಗೋಡೆ ಇನ್ನೂ ಸರಿಯುತ್ತಿದ್ದಲ್ಲಿ ಆ ಗಾಜು ಸೀಳುತ್ತದೆ.

ಊರಿನ ಶಾಲೆಗಳಲ್ಲಿ ಈ ನಿಗಾ ಇಡಬಲ್ಲದ್ದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ. ಬೇಸಿಗೆ ರಜೆಗೆ ಮೊದಲೇ ಗುಂಡಿಯಲ್ಲಿ ಸುಣ್ಣ ಅರಳಿಸಿಟ್ಟು, ರಜೆ ಆರಂಭವಾದೊಡನೆ ಗೋಡೆಯ ಬುಡದ ಸಿಮೆಂಟನ್ನು ಕೆತ್ತಿ ತೆಗೆದು, ಹೊಸ ಗಿಲಾವು ಬಿಸಿಲಿಗೆ ಬೇಗ ಒಣಗಿ ಸೀಳದಂತೆ ಒದ್ದೆ ಗೋಣಿಚೀಲ ಹೊದಿಸಿದರೆ, ಜೂನ್ ಮಳೆಗೆ ಮುನ್ನ ಹೆಂಚು ಸರಿಪಡಿಸಲು ಮತ್ತು ಸೂರಿನ ನೀರು ಗೋಡೆಯಿಂದ ದೂರ ಹರಿಯುವಂತೆ ಕಾಲುವೆ ತೆಗೆಯಲು ಸಮಯ ಉಳಿಯುತ್ತದೆ.