ಕಸದ ಗಾಡಿ ಕೊಳ್ಳುವ ಮೊದಲು ಕಸವನ್ನು ತೂಗಿ

ಗ್ರಾಮ ಪಂಚಾಯಿತಿಗೆ ಹೊಸ ಕಸದ ಗಾಡಿ ಬಂದ ದಿನ ಪೂಜೆ ನಡೆಯುತ್ತದೆ, ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ, ಅಧ್ಯಕ್ಷರು ಹಸಿರು ಬಾವುಟ ತೋರಿಸುತ್ತಾರೆ. ಆ ಗಾಡಿ ಊರಿಗೆ ಹೊಂದುತ್ತದೋ ಇಲ್ಲವೋ ಎಂಬುದು ಅಷ್ಟರೊಳಗೆ ತೀರ್ಮಾನವಾಗಿಬಿಟ್ಟಿರುತ್ತದೆ. ಕೊಟೇಶನ್ ತರಿಸುವಾಗ ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಬೆಲೆ ಎಷ್ಟು, ಎಷ್ಟು ಭಾರ ಹೊರುತ್ತದೆ? ಇವೆರಡಕ್ಕೂ ಮೊದಲು ಕೇಳಬೇಕಾದದ್ದು ಬೇರೆಯೇ ಇದೆ. ನಮ್ಮೂರಿನ ಕಸದ ಸಾಂದ್ರತೆ ಎಷ್ಟು?

ಒಂದು ಘನ ಮೀಟರ್ ಜಾಗದಲ್ಲಿ ಎಷ್ಟು ಕಿಲೋ ಕಸ ಹಿಡಿಸುತ್ತದೆ ಎಂಬುದೇ ಸಾಂದ್ರತೆ. ತರಕಾರಿ ಸಿಪ್ಪೆ, ಉಳಿದ ಅನ್ನ, ಬಾಳೆಎಲೆ ಸೇರಿದ ಹಸಿ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುತ್ತದೆ. ಅದು ಘನ ಮೀಟರಿಗೆ ಸುಮಾರು 400ರಿಂದ 500 ಕಿಲೋ ತೂಗುತ್ತದೆ. ಹಾಲಿನ ಕವರ್, ಚಿಪ್ಸ್ ಪ್ಯಾಕೆಟ್, ನೀರಿನ ಬಾಟಲಿ, ರಟ್ಟಿನ ಡಬ್ಬಗಳ ಒಣ ಕಸವಾದರೆ ಅಷ್ಟೇ ಜಾಗದಲ್ಲಿ 50 ಕಿಲೋ ಆಸುಪಾಸು. ಎರಡೂ ಕಸವೇ, ಆದರೆ ಅಂತರ ಎಂಟು-ಹತ್ತು ಪಟ್ಟು.

ಈ ಅಂತರ ಗಾಡಿಯ ಮೇಲೆ ಏನು ಮಾಡುತ್ತದೆ ನೋಡಿ. ನಮ್ಮ ಪಂಚಾಯಿತಿಗಳಲ್ಲಿ ಹೆಚ್ಚಾಗಿ ಕಾಣುವುದು ಟಾಟಾ ಏಸ್ ತರಹದ ಪುಟ್ಟ ಟ್ರಕ್. 2005ರಲ್ಲಿ ಅದು ಮಾರುಕಟ್ಟೆಗೆ ಬಂದಾಗ ಸುಮಾರು ಮುಕ್ಕಾಲು ಟನ್ ಹೊರುವ ಗಾಡಿ ಎಂದೇ ಹೆಸರಾಯಿತು. ಅದರ ಹಿಂಬದಿಯನ್ನು ಎರಡು ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲ, ಒಂದು ಮೀಟರ್ ಎತ್ತರದ ತೊಟ್ಟಿ ಎಂದುಕೊಳ್ಳೋಣ. ಆಗ ಮೂರು ಘನ ಮೀಟರ್ ಜಾಗ ಸಿಗುತ್ತದೆ. ಹಸಿ ಕಸವನ್ನು ಕಂಠಪೂರ್ತಿ ತುಂಬಿದರೆ 1,200ರಿಂದ 1,500 ಕಿಲೋ ಆಗುತ್ತದೆ. ಸ್ಪ್ರಿಂಗ್ ಪಟ್ಟಿ ಕುಸಿಯುತ್ತದೆ, ಬ್ರೇಕ್ ಸೋಲುತ್ತದೆ. ಬರೀ ಒಣ ಕಸ ತುಂಬಿದರೆ 150 ಕಿಲೋಗೇ ತೊಟ್ಟಿ ಭರ್ತಿ. ಆರುನೂರು ಕಿಲೋ ಹೊರುವ ಶಕ್ತಿ ಸುಮ್ಮನೆ ಉಳಿಯುತ್ತದೆ.

ಹಳ್ಳಿಗಳಲ್ಲಿ ಈ ಎರಡನೆಯದೇ ಹೆಚ್ಚು. ಅಲ್ಲಿ ಹಸಿ ಕಸ ಬೀದಿಗೆ ಬರುವುದೇ ಕಡಿಮೆ. ಅಕ್ಕಿ ತೊಳೆದ ನೀರು, ಉಳಿದ ಅನ್ನ ಕಲಗಚ್ಚಿಗೆ. ಸಿಪ್ಪೆ, ಸೊಪ್ಪುಸದೆ ತಿಪ್ಪೆಗೆ. ಸಾವಿರಾರು ವರ್ಷಗಳಿಂದ ನಡೆದುಬಂದ ಈ ಏರ್ಪಾಡನ್ನು ಗಾಡಿ ಬಂತೆಂದು ಕೆಡಿಸಬಾರದು. ಹಸಿ ಕಸವನ್ನು ಊರಿಂದ ಆಚೆಗೆ ಸಾಗಿಸುವುದೆಂದರೆ ಡೀಸೆಲ್ ಸುಟ್ಟು ನೀರು ಹೊತ್ತಂತೆಯೇ. ಹಳ್ಳಿಯ ಗಾಡಿಗೆ ಸೇರಬೇಕಾದದ್ದು ಒಣ ಕಸ, ಜೊತೆಗೆ ಪ್ರತ್ಯೇಕ ಮುಚ್ಚಳದ ಪೆಟ್ಟಿಗೆಯಲ್ಲಿ ಪ್ಯಾಡ್, ಡೈಪರ್‌ಗಳು.

ಆರುನೂರು ಮನೆಗಳ ಒಂದು ಊರನ್ನು ತೆಗೆದುಕೊಳ್ಳಿ. ಮನೆಗೆ ವಾರಕ್ಕೆ ಒಂದು ಕಿಲೋ ಒಣ ಕಸವೆಂದರೂ ಒಟ್ಟು 600 ಕಿಲೋ, ಅಂದರೆ 12 ಘನ ಮೀಟರ್. ಒಂದು ಮೀಟರ್ ಎತ್ತರದ ತೊಟ್ಟಿಯ ಗಾಡಿ ನಾಲ್ಕು ಸಲ ಓಡಾಡಬೇಕು. ಅದೇ ಗಾಡಿಗೆ ಎರಡು ಮೀಟರ್ ಎತ್ತರಕ್ಕೆ ಹಗುರವಾದ ಜಾಲರಿ ಕಟ್ಟಿಸಿದರೆ ಎರಡೇ ಸಲ ಸಾಕು. ದೊಡ್ಡ ಎಂಜಿನ್ನಿಗೆ ದುಡ್ಡು ಸುರಿಯುವುದಕ್ಕಿಂತ ಊರಿನ ವೆಲ್ಡಿಂಗ್ ಅಂಗಡಿಯ ಈ ಕೆಲಸದಿಂದ ಉಳಿತಾಯ ಹೆಚ್ಚು. ಎತ್ತರ ಹೆಚ್ಚಿಸಿದಾಗ ಗುರುತ್ವ ಕೇಂದ್ರವೂ ಮೇಲೇರುತ್ತದೆ, ನಿಜ. ಕಸ ಹಗುರವಾದ್ದರಿಂದ ಅದು ಅಲ್ಪವೇ. ಆದರೂ ತಿರುವುಗಳಲ್ಲಿ ನಿಧಾನಿಸಬೇಕು, ಕಸ ಸುರಿಯಲು ತೊಟ್ಟಿ ಎತ್ತುವಾಗ ನೆಲ ಸಮತಟ್ಟಾಗಿರಬೇಕು.

ಪಟ್ಟಣದ ಕಥೆ ತಿರುಗುಮುರುಗು. ಹೋಟೆಲು, ಮಾರುಕಟ್ಟೆ, ಛತ್ರಗಳಿರುವಲ್ಲಿ ಹಸಿ ಕಸ ರಾಶಿ ಬೀಳುತ್ತದೆ. ಅಲ್ಲಿ ತೊಟ್ಟಿ ಗಿಡ್ಡವಾಗಿರಬೇಕು, ಸೋರಬಾರದು. ಕೊಳೆಯುವ ಆಹಾರದಿಂದ ಇಳಿಯುವ ರಸ ಆಮ್ಲೀಯ. ಬಣ್ಣ ಕಿತ್ತ ಕಡೆ ಕಬ್ಬಿಣವನ್ನು ತಿನ್ನುತ್ತದೆ. ರಸ ಹಿಡಿಯಲು ಕೆಳಗೊಂದು ಟ್ಯಾಂಕ್ ಮತ್ತು ದಿನವೂ ತೊಳೆಯಲು ನೀರು ಇಲ್ಲದಿದ್ದರೆ ತೊಟ್ಟಿ ಬಹುಕಾಲ ಬಾಳುವುದಿಲ್ಲ.

ದೊಡ್ಡ ನಗರಗಳಲ್ಲಿ ಕಂಡ ಕಾಂಪ್ಯಾಕ್ಟರ್ ನಮಗೂ ಬೇಕೆಂದು ಕೆಲವು ಪಟ್ಟಣಗಳು ಆಸೆಪಡುತ್ತವೆ. ಕಸವನ್ನು ಒತ್ತಿ ತುಂಬುವ ಈ ಯಂತ್ರಕ್ಕೆ ದಾರಿ ಮಾಡಿದ್ದು 1938ರಲ್ಲಿ ಅಮೆರಿಕದ ಗಾರ್ ವುಡ್ ಕಂಪನಿ ತಂದ ಲೋಡ್ ಪ್ಯಾಕರ್. ಕಾಗದ, ಡಬ್ಬ, ಪ್ಯಾಕಿಂಗ್ ತುಂಬಿದ ಅಲ್ಲಿನ ಹಗುರ ಕಸವನ್ನು ಒತ್ತಿದರೆ ಹಲವು ಪಟ್ಟು ಕುಗ್ಗುತ್ತದೆ. ನಮ್ಮ ಹಸಿ ಕಸ ಒತ್ತುವ ಮುಂಚೆಯೇ ಹೆಚ್ಚುಕಡಿಮೆ ಅಷ್ಟು ಸಾಂದ್ರವಾಗಿರುತ್ತದೆ. ನೀರನ್ನು ಒತ್ತಿ ಕುಗ್ಗಿಸಲಾಗದು. ರಸ ಹಿಂಡಿ ರಸ್ತೆಗೆ ಸುರಿಯುತ್ತದೆ, ಅಷ್ಟೇ. ಹಸಿ-ಒಣ ಬೆರೆತ ಕಸವನ್ನು ಒತ್ತಿದರೆ ರಟ್ಟು, ಪ್ಲಾಸ್ಟಿಕ್ ಎಲ್ಲಕ್ಕೂ ಕೊಳಕು ಮೆತ್ತಿಕೊಂಡು ಗುಜರಿಗೂ ಬೇಡವಾಗುತ್ತವೆ. ಸಣ್ಣ ಊರಿಗೆ ಕಾಂಪ್ಯಾಕ್ಟರ್ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಒಣ ಕಸವನ್ನು ಒತ್ತಲೇಬೇಕು, ಆದರೆ ಗಾಡಿಯಲ್ಲಲ್ಲ. ಶೆಡ್ಡಿನಲ್ಲಿ ವಿಂಗಡಿಸಿದ ಮೇಲೆ ಬೇಲಿಂಗ್ ಯಂತ್ರದಲ್ಲಿ ಒತ್ತಿ, ದೂರದ ಘಟಕಕ್ಕೆ ದೊಡ್ಡ ಲಾರಿಯಲ್ಲಿ ಕಳಿಸಬೇಕು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಸಾಮರ್ಥ್ಯದ ಒಣ ಕಸ ಘಟಕವಿದೆ. ಹಲವು ಪಂಚಾಯಿತಿಗಳ ಕಸ ಅಲ್ಲಿಗೆ ಬರುತ್ತದೆ. ಅಂಥ ಘಟಕ ಹತ್ತಿರದಲ್ಲಿದ್ದರೆ ಊರಿನ ಗಾಡಿ ಊರೊಳಗೇ ಓಡಾಡಿಕೊಂಡಿದ್ದರೆ ಸಾಕು.

ಹಾಗಾದರೆ ಬ್ಯಾಟರಿ ಗಾಡಿ ಸಾಲದೇ? ಬಯಲುಸೀಮೆಯ ಊರಿಗೆ ಖಂಡಿತ ಒಳ್ಳೆಯದು. ಮನೆಮನೆಗೂ ನಿಂತು ಹೊರಡುವಾಗ ಡೀಸೆಲ್ ಎಂಜಿನ್ ನಿಂತಲ್ಲೇ ಇಂಧನ ಸುಡುತ್ತಿರುತ್ತದೆ, ಪ್ರತಿ ಬ್ರೇಕಿಗೂ ವೇಗದ ಶಕ್ತಿ ಬಿಸಿಯಾಗಿ ಹೋಗುತ್ತದೆ. ವಿದ್ಯುತ್ ಮೋಟರು ನಿಂತಾಗ ಏನನ್ನೂ ಬಳಸುವುದಿಲ್ಲ, ಕೆಲವು ಗಾಡಿಗಳಲ್ಲಿ ಬ್ರೇಕಿನ ಶಕ್ತಿ ಒಂದಿಷ್ಟು ಬ್ಯಾಟರಿಗೆ ಮರಳುತ್ತದೆ. ಮಲೆನಾಡಿನಲ್ಲಿ ಮಾತ್ರ ಲೆಕ್ಕ ಹಾಕಿಯೇ ಮುಂದುವರಿಯಬೇಕು. ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಿ, ಹೊರೆ ಸೇರಿ ಒಂದೂವರೆ ಟನ್ ತೂಗುವ ಗಾಡಿ ಗಂಟೆಗೆ ಹತ್ತು ಕಿಲೋಮೀಟರ್ ವೇಗದಲ್ಲಿ ಹತ್ತಲು ಬರೀ ಏರಿಗೇ ಸುಮಾರು 4 ಕಿಲೋವಾಟ್ ಬೇಕು. ಚಕ್ರದ ತಿಕ್ಕಾಟ ಬೇರೆ. ಕಾನೂನಿನ ಪ್ರಕಾರ ಮೂರು ಚಕ್ರದ ಇ-ಕಾರ್ಟಿನ ಗರಿಷ್ಠ ಶಕ್ತಿಯೇ 4,000 ವ್ಯಾಟ್. ಅದಕ್ಕೆ ಇಷ್ಟು ಹೊರೆ ಹೇರುವಂತಿಲ್ಲ.

ಕ್ಯಾಟಲಾಗಿನಲ್ಲಿ ಎಲ್ಲೂ ಕಾಣದ ಒಂದು ಅಳತೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ: ಕಸ ಸುರಿಯುವ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ? ಕರ್ನಾಟಕದ ಹಲವು ಪಂಚಾಯಿತಿಗಳಲ್ಲಿ ಸ್ವಚ್ಛ ವಾಹಿನಿ ಎಂಬ ಕಸದ ಗಾಡಿಯನ್ನು ಓಡಿಸುವವರು, ಕಸ ಎತ್ತುವವರು ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು. ಬೆಳಗಿನಿಂದ ಮುನ್ನೂರು ಮನೆಯ ಬುಟ್ಟಿಗಳನ್ನು ಭುಜಕ್ಕಿಂತ ಮೇಲೆತ್ತಿದರೆ ರಟ್ಟೆ, ಕುತ್ತಿಗೆ, ಸೊಂಟ ಏನಾಗಬೇಕು? ಜಾಲರಿ ಎಷ್ಟೇ ಎತ್ತರವಿರಲಿ, ಪಕ್ಕದಲ್ಲಿ ಸೊಂಟದಿಂದ ಎದೆಯ ಮಟ್ಟದೊಳಗೆ ತೆರೆಯುವ ಬಾಗಿಲಿರಲೇಬೇಕು. ಗಾಡಿಯ ಆಯ್ಕೆ ಮುಗಿಯುವ ಮುನ್ನ ಅವರನ್ನು ಕರೆದು, ಒಂದು ಬುಟ್ಟಿ ಎತ್ತಿ ಸುರಿದು ನೋಡಲು ಹೇಳಿ, ಅವರ ಮಾತು ಕೇಳಬೇಕು.

ದುಡ್ಡಿನ ಮಾತು. ಸ್ವಚ್ಛ ಭಾರತ್ ಮಿಷನ್ ಗ್ರಾಮೀಣದ 2020ರಲ್ಲಿ ಶುರುವಾದ ಎರಡನೇ ಹಂತದ ಮಾರ್ಗಸೂಚಿಯಂತೆ ಘನತ್ಯಾಜ್ಯಕ್ಕೆ 5,000 ಜನಸಂಖ್ಯೆವರೆಗಿನ ಹಳ್ಳಿಗೆ ತಲಾ 60 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 45 ರೂಪಾಯಿ ನಿಗದಿಯಾಗಿತ್ತು. 2,700 ಜನರ ಊರಿಗೆ 1.62 ಲಕ್ಷವಾಯಿತು, ಶೆಡ್ಡು, ಬುಟ್ಟಿ, ಗಾಡಿ ಎಲ್ಲಕ್ಕೂ ಅದು ಸಾಲದು. ಅಕ್ಕಪಕ್ಕದ ಹಳ್ಳಿಗಳು ವಾರದ ದಿನಗಳನ್ನು ಹಂಚಿಕೊಂಡು ಒಂದೇ ಗಾಡಿ ಬಳಸುವುದು ಜಾಣತನ. ಒಣ ಕಸ ವಾರಗಟ್ಟಲೆ ಕೆಡುವುದಿಲ್ಲ, ಕಾಯಬಲ್ಲದು.

ನಿಮ್ಮ ಪಂಚಾಯಿತಿಯಲ್ಲಿ ಗಾಡಿಯ ಪ್ರಸ್ತಾಪ ಬಂದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ಇಷ್ಟು ಕೇಳಿ: ಐವತ್ತು ಮನೆಗಳ ಒಂದು ವಾರದ ಕಸವನ್ನು, ಹಸಿ ಬೇರೆ ಒಣ ಬೇರೆ, ತೂಗಿ ಅಳೆದಿದ್ದೀರಾ? ಇಲ್ಲವೆಂದರೆ ಒಂದು ತಕ್ಕಡಿ, ಅಳತೆ ಗೊತ್ತಿರುವ ಒಂದು ಡ್ರಮ್ಮು ತರಿಸಿ. ಕೊಟೇಶನ್ನು ಆಮೇಲೆ ತರಿಸಿದರಾಯಿತು.